ಗಡಿ ದಾಟಿದ ಜೂಜು: ಕಾನೂನು ಏನು ಮಾಡೀತು, ಮನೆ ಏನು ಮಾಡಬೇಕು?



ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟ ನಿಂತುಹೋದದ್ದು 2007ರಲ್ಲಿ. ಅದಕ್ಕೆ ಮುಂಚೆ ಬಸ್ ನಿಲ್ದಾಣಗಳಲ್ಲಿ, ಸಂತೆಬೀದಿಗಳಲ್ಲಿ ಟಿಕೆಟ್ ಹಿಡಿದು ಕೂಗುತ್ತಿದ್ದವರ ನೆನಪು ಹಿರಿಯರಿಗೆ ಇದ್ದೇ ಇದೆ. ಒಂದಂಕಿ ಲಾಟರಿಯ ಚಟಕ್ಕೆ ಬಿದ್ದು ಶನಿವಾರದ ಬಟವಾಡೆಯನ್ನು ಮನೆ ಮುಟ್ಟಿಸದೆ ಕಳೆದವರನ್ನೂ ನಾವು ಕಂಡಿದ್ದೇವೆ. ನಿಷೇಧ ಬಂದ ಮೇಲೂ ಗಡಿಭಾಗದ ಜನ ಕೇರಳಕ್ಕೆ ಹೋಗಿ ಟಿಕೆಟ್ ಕೊಂಡು ಬರುವುದು ನಿಂತಿಲ್ಲ. ಅಲ್ಲಿ ಸರಕಾರವೇ ಲಾಟರಿ ನಡೆಸುತ್ತದೆ. ಇಲ್ಲಿ ಮಾರಿದರೆ ಅಪರಾಧ, ಹತ್ತಾರು ಮೈಲಿ ಆಚೆ ಮಾರಿದರೆ ಸರಕಾರದ ಆದಾಯ. ಗಡಿ ಎಂದರೆ ಇಷ್ಟೇ.

ಈಗ ಆ ಗಡಿಯನ್ನು ದಾಟಲು ಬಸ್ ಹತ್ತಬೇಕಾಗಿಲ್ಲ. ಜೇಬಿನಲ್ಲಿರುವ ಮೊಬೈಲೇ ಸಾಕು. ಆಡುವವನು ಹಾಸನದಲ್ಲಿರುತ್ತಾನೆ, ಆಡಿಸುವವನು ದುಬೈನಲ್ಲಿರುತ್ತಾನೆ, ಅವರ ಕಂಪ್ಯೂಟರ್ ಇನ್ನೊಂದು ದೇಶದಲ್ಲಿರುತ್ತದೆ, ಹಣ ಬೇರೆ ಯಾರದೋ ಬ್ಯಾಂಕ್ ಖಾತೆಯ ಮೂಲಕ ಹರಿಯುತ್ತದೆ. ಹೀಗಿರುವಾಗ ಯಾವ ಊರಿನ ಪೊಲೀಸರು ಯಾರನ್ನು ಹಿಡಿಯಬೇಕು? ಯಾವ ದೇಶದ ನ್ಯಾಯಾಲಯ ವಿಚಾರಣೆ ನಡೆಸಬೇಕು? "ಸರಕಾರ ಇದನ್ನೆಲ್ಲ ಯಾಕೆ ನಿಲ್ಲಿಸುವುದಿಲ್ಲ?" ಎಂದು ಕಣ್ಣೀರಿಡುವ ತಾಯಂದಿರಿಗೆ ಉತ್ತರ ಕೊಡಬೇಕಾದರೆ ಈ ವಿಷಯವನ್ನು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳಬೇಕು. ಇದನ್ನು ತೀರ ಹತ್ತಿರದಿಂದ ಎದುರಿಸಿದ ದೇಶವೊಂದಿದೆ. ಅದು, ಬಹುಪಾಲು ಜನ ಕಥೋಲಿಕರೇ ಆಗಿರುವ ಫಿಲಿಪ್ಪೀನ್ಸ್. ಮೊದಲು ಅಲ್ಲಿ ನಡೆದದ್ದನ್ನು ನೋಡೋಣ.

ಒಂದು ದೇಶದ ಪರವಾನಗಿ, ಇನ್ನೊಂದು ದೇಶದ ಅಪರಾಧ

ಚೀನಾದ ಮುಖ್ಯ ಭೂಭಾಗದಲ್ಲಿ ಸರಕಾರಿ ಲಾಟರಿಗಳನ್ನು ಬಿಟ್ಟರೆ ಜೂಜಿಗೆ ಅನುಮತಿಯಿಲ್ಲ. ಆದರೆ ಅಲ್ಲಿಯ ಜನರಲ್ಲಿ ಆಡುವ ಆಸೆಯೂ ಇದೆ, ಹಣವೂ ಇದೆ. ಇದನ್ನು ಕಂಡ ವ್ಯಾಪಾರಿಗಳು ಪಕ್ಕದ ದೇಶಗಳಲ್ಲಿ ಕಚೇರಿ ತೆರೆದು, ಇಂಟರ್‌ನೆಟ್ ಮೂಲಕ ಚೀನಾದವರನ್ನು ಆಡಿಸತೊಡಗಿದರು. ಫಿಲಿಪ್ಪೀನ್ಸ್ ಸರಕಾರದ ಜೂಜು ನಿಯಂತ್ರಣ ಸಂಸ್ಥೆಯಾದ ಪ್ಯಾಗ್‌ಕಾರ್ 2016ರಲ್ಲಿ ಇಂಥ ಕಂಪನಿಗಳಿಗೆ ಪರವಾನಗಿ ಕೊಡಲಾರಂಭಿಸಿತು. ಇವನ್ನು ಜನ 'ಪೋಗೊ' ಎಂದು ಕರೆದರು. ಇವು ಫಿಲಿಪ್ಪೀನ್ಸ್‌ನಲ್ಲಿ ಕುಳಿತು ಹೊರದೇಶದವರನ್ನು ಮಾತ್ರ ಆಡಿಸಬೇಕು ಎಂಬುದು ನಿಯಮ. ಸರಕಾರಕ್ಕೆ ಪರವಾನಗಿ ಶುಲ್ಕ ಬಂತು, ಕಟ್ಟಡಗಳ ಮಾಲೀಕರಿಗೆ ಬಾಡಿಗೆ ಬಂತು. ಹಾಳಾಗುವುದು ಬೇರೆಯವರ ಮನೆ ತಾನೇ ಎಂಬ ಸಮಾಧಾನವೂ ಇತ್ತೆನ್ನಬೇಕು.

ಚೀನಾ ಸುಮ್ಮನಿರಲಿಲ್ಲ. ತನ್ನ ದಂಡಸಂಹಿತೆಗೆ 2020ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದು, ಚೀನೀ ಪ್ರಜೆಗಳನ್ನು ಕೂಡಿಸಿ ಹೊರದೇಶದ ಜೂಜಿಗೆ ಕಳುಹಿಸುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಅದು 2021ರ ಮಾರ್ಚ್ 1ರಿಂದ ಜಾರಿಗೆ ಬಂತು. ಆದರೂ ಒಂದು ತೊಡಕು ಉಳಿಯಿತು. ಒಂದು ದೇಶ ಇನ್ನೊಂದು ದೇಶಕ್ಕೆ ಆರೋಪಿಯನ್ನು ಹಸ್ತಾಂತರಿಸಬೇಕಾದರೆ, ಅವನು ಮಾಡಿದ್ದು ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು ಎಂಬುದು ಸಾಮಾನ್ಯ ನಿಯಮ. ಒಂದು ಕಡೆ ಅಪರಾಧ, ಇನ್ನೊಂದು ಕಡೆ ಪರವಾನಗಿ ಪಡೆದ ಉದ್ಯಮ ಎಂದಾದರೆ ಕಾನೂನಿನ ಕೈ ಗಡಿಯಲ್ಲೇ ನಿಂತುಬಿಡುತ್ತದೆ. ಗಡಿ ದಾಟುವ ಜೂಜಿನ ಶಕ್ತಿಯೆಲ್ಲ ಇರುವುದು ಈ ಸಂದಿನಲ್ಲೇ.

ಬಂಬಾನ್ ಎಂಬ ಊರಿನ ಕಥೆ

ಮನಿಲಾ ನಗರದ ಉತ್ತರಕ್ಕೆ ತಾರ್ಲಾಕ್ ಪ್ರಾಂತ್ಯದಲ್ಲಿ ಬಂಬಾನ್ ಎಂಬ ಊರಿದೆ. ಅಲ್ಲಿಯ ಪುರಸಭೆಯ ಕಚೇರಿಯ ಹಿಂಭಾಗದಲ್ಲೇ ಎತ್ತರದ ಗೋಡೆಯೊಳಗೆ ಹತ್ತಾರು ಕಟ್ಟಡಗಳು ಎದ್ದವು. 2023ರ ಫೆಬ್ರುವರಿಯಲ್ಲಿ ಅಧಿಕಾರಿಗಳು ಅಲ್ಲಿ ದಾಳಿ ಮಾಡಿದರು. ಒಂದು ಕಂಪನಿ ಮುಚ್ಚಿತು. ಅದೇ ಆವರಣದಲ್ಲಿ ಬೇರೆ ಹೆಸರಿನ ಇನ್ನೊಂದು ಕಂಪನಿ ಪರವಾನಗಿ ಪಡೆದು ಕೆಲಸ ಮುಂದುವರಿಸಿತು. ಬದಲಾದದ್ದು ಬೋರ್ಡು ಮಾತ್ರ.

ಮುಂದಿನ ವರ್ಷ ವಿಯೆಟ್ನಾಮಿನ ಕೆಲಸಗಾರನೊಬ್ಬ ಅಲ್ಲಿಂದ ತಪ್ಪಿಸಿಕೊಂಡು ಬಂದು ಒಳಗಿನ ಸಂಗತಿಯನ್ನು ಹೊರಗೆಡಹಿದ. 2024ರ ಮಾರ್ಚ್‌ನಲ್ಲಿ ಮತ್ತೆ ದಾಳಿ ನಡೆಯಿತು. ನೂರಾರು ಜನ ಅಲ್ಲಿ ಸಿಕ್ಕಿದರು: ಫಿಲಿಪ್ಪೀನಿಯರು, ಚೀನೀಯರು, ವಿಯೆಟ್ನಾಮಿನವರು, ಮತ್ತೂ ಕೆಲವು ದೇಶಗಳವರು. ಒಳ್ಳೆಯ ಸಂಬಳದ ಕೆಲಸ ಎಂದು ಕರೆತಂದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊರಗೆ ಹೋಗದಂತೆ ಇಟ್ಟಿದ್ದರೆಂಬ ದೂರುಗಳು ಬಂದವು. ಜೂಜಿನ ಹೆಸರಿನ ಪರವಾನಗಿಯ ಮರೆಯಲ್ಲಿ, ಪ್ರೇಮದ ಸೋಗು ಹಾಕಿ ದೂರದವರನ್ನು ವಂಚಿಸುವ ಕೆಲಸವೂ ನಡೆಯುತ್ತಿತ್ತು.

ಸೆನೆಟ್ ಸದಸ್ಯೆ ರಿಸಾ ಹೊಂಟಿವೆರೋಸ್ ನೇತೃತ್ವದಲ್ಲಿ ವಿಚಾರಣೆ ಆರಂಭವಾಯಿತು. ಆ ಆವರಣಕ್ಕೂ ಊರಿನ ಮೇಯರ್ ಆಲಿಸ್ ಗುವೊ ಅವರಿಗೂ ಇದ್ದ ನಂಟು ಬಯಲಾಯಿತು. ಅವರ ಬೆರಳಚ್ಚು, ಬಾಲ್ಯದಲ್ಲಿ ದೇಶಕ್ಕೆ ಬಂದ ಚೀನೀ ಹುಡುಗಿಯೊಬ್ಬಳ ದಾಖಲೆಯ ಬೆರಳಚ್ಚಿಗೆ ತಾಳೆಯಾಯಿತು. 2024ರ ಜುಲೈನಲ್ಲಿ ಅವರು ದೇಶ ಬಿಟ್ಟು ಓಡಿದರು. ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದಲ್ಲಿ ಸಿಕ್ಕಿಬಿದ್ದರು. ಅಲ್ಲಿಯ ಅಧಿಕಾರಿಗಳು ಅವರನ್ನು ಫಿಲಿಪ್ಪೀನ್ಸ್‌ಗೆ ಒಪ್ಪಿಸಿದರು. 2025ರ ನವೆಂಬರ್ 20ರಂದು ಪಾಸಿಗ್ ನಗರದ ನ್ಯಾಯಾಲಯ ಅವರಿಗೂ ಇತರ ಏಳು ಮಂದಿಗೂ ಜೀವಾವಧಿ ಶಿಕ್ಷೆ ವಿಧಿಸಿತು.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ನೋಡಬೇಕು. ಆ ಶಿಕ್ಷೆ ಜೂಜು ಆಡಿಸಿದ್ದಕ್ಕೆ ಬಂದದ್ದಲ್ಲ, ಮಾನವ ಕಳ್ಳಸಾಗಣೆಗೆ ಬಂದದ್ದು. ಜೂಜಿನ ವಿಷಯದಲ್ಲಿ ದೇಶದೇಶಗಳ ಕಾನೂನು ಬೇರೆ ಬೇರೆ. ಆದರೆ ಮನುಷ್ಯನನ್ನು ವಂಚಿಸಿ ಕೂಡಿಹಾಕಿ ದುಡಿಸುವುದು ಅಪರಾಧವೆಂದು ಬಹುತೇಕ ಎಲ್ಲ ದೇಶಗಳೂ ಒಪ್ಪಿವೆ. ದೇಶಗಳ ಗಡಿ ದಾಟುವ ಸಂಘಟಿತ ಅಪರಾಧದ ವಿರುದ್ಧ ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಒಡಂಬಡಿಕೆ ಮತ್ತು ಅದರ ಜೊತೆಗಿನ ಮಾನವ ಕಳ್ಳಸಾಗಣೆ ತಡೆ ಒಪ್ಪಂದಕ್ಕೆ ಫಿಲಿಪ್ಪೀನ್ಸ್ ಸಹ ಸೇರಿದೆ, ಭಾರತವೂ ಸೇರಿದೆ. ಕಾನೂನು ಆಟದ ಕಡೆ ನೋಡುತ್ತಿದ್ದಷ್ಟು ಕಾಲ ಅಪರಾಧಿ ತಪ್ಪಿಸಿಕೊಂಡ. ಆಟದ ಹಿಂದಿದ್ದ ಮನುಷ್ಯನ ಕಡೆ ನೋಡಿದಾಗ ಸಿಕ್ಕಿಬಿದ್ದ.

ಹಣದ ಜಾಡು

ಕಾನೂನಿಗೆ ಸಿಕ್ಕಿದ ಎರಡನೆಯ ಎಳೆ ಹಣ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಸೇರಿದ 8 ಕೋಟಿ 10 ಲಕ್ಷ ಡಾಲರುಗಳನ್ನು ಕಂಪ್ಯೂಟರ್ ಕಳ್ಳರು ಮನಿಲಾದ ಒಂದು ಬ್ಯಾಂಕಿಗೆ ಸಾಗಿಸಿದರು. ಆ ಹಣದ ದೊಡ್ಡ ಪಾಲು ಅಲ್ಲಿಂದ ಕ್ಯಾಸಿನೋಗಳಿಗೆ ಹೋಯಿತು, ಅಲ್ಲಿಂದ ಮುಂದೆ ಜಾಡು ಸಿಗದೆ ಹೋಯಿತು. ಯಾಕೆಂದರೆ ಅಕ್ರಮ ಹಣ ವರ್ಗಾವಣೆ ತಡೆಯುವ ಫಿಲಿಪ್ಪೀನ್ಸ್ ಕಾಯಿದೆಯ ವ್ಯಾಪ್ತಿಗೆ ಆಗ ಕ್ಯಾಸಿನೋಗಳು ಬರುತ್ತಿರಲಿಲ್ಲ. ಮರುವರ್ಷ, 2017ರಲ್ಲಿ, ಕಾಯಿದೆ ತಿದ್ದಿ ಅವನ್ನೂ ಸೇರಿಸಿದರು. ಆದರೂ 2021ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ಕಾವಲು ಸಂಸ್ಥೆ ಫಿಲಿಪ್ಪೀನ್ಸನ್ನು ಹೆಚ್ಚು ನಿಗಾ ಬೇಕಾದ ದೇಶಗಳ ಪಟ್ಟಿಗೆ ಸೇರಿಸಿತು. ಅದರಿಂದ ಹೊರಬರಲು 2025ರ ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಮೂರನೆಯ ಎಳೆ ಪರವಾನಗಿ. 2024ರ ಜುಲೈ 22ರಂದು ಅಧ್ಯಕ್ಷ ಮಾರ್ಕೋಸ್ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಎಲ್ಲ ಪೋಗೊಗಳನ್ನು ನಿಷೇಧಿಸುವುದಾಗಿ ಘೋಷಿಸಿದರು. ನವೆಂಬರ್‌ನಲ್ಲಿ ಅದಕ್ಕೆ ಅಧಿಕೃತ ಆಜ್ಞೆ ಹೊರಟಿತು. ಮುಂದೆ ಬರುವ ಅಧ್ಯಕ್ಷರು ಒಂದು ಸಹಿಯಿಂದ ಅದನ್ನು ರದ್ದು ಮಾಡದಿರಲೆಂದು 2025ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಕಾಯಿದೆಯೂ ಬಂತು.

ಇಷ್ಟಕ್ಕೆ ಕಥೆ ಮುಗಿಯಿತೇ? ಇಲ್ಲ. ಹೊರದೇಶದವರನ್ನು ಆಡಿಸುವುದು ನಿಂತಿತು. ತಮ್ಮವರನ್ನೇ ಆಡಿಸುವ ಪರವಾನಗಿಗಳು ಉಳಿದವು. ಅಲ್ಲಿಯ ಧರ್ಮಾಧ್ಯಕ್ಷರ ಮಂಡಳಿ, ಆಗ ಅದರ ಅಧ್ಯಕ್ಷರಾಗಿದ್ದ ಕಾರ್ಡಿನಲ್ ಪಾಬ್ಲೊ ವಿರ್ಜಿಲಿಯೊ ಡೇವಿಡ್ ಅವರ ಸಹಿಯಲ್ಲಿ 2025ರ ಜುಲೈನಲ್ಲಿ ಪಾಲನಾ ಪತ್ರ ಹೊರಡಿಸಿ, ಮೊಬೈಲ್ ಜೂಜು ಬಡವರ ಮನೆಗಳನ್ನು ನುಂಗುತ್ತಿದೆ, ಇದನ್ನು ನಿಷೇಧಿಸಬೇಕು ಎಂದು ಕೇಳಿತು. ಆಗಸ್ಟ್‌ನಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕು, ಮೊಬೈಲ್ ಮೂಲಕ ಹಣ ಕೊಡುವ ಆ್ಯಪ್‌ಗಳಲ್ಲಿದ್ದ ಜೂಜಿನ ಕೊಂಡಿಗಳನ್ನೆಲ್ಲ ತೆಗೆಯಬೇಕೆಂದು ಆಜ್ಞಾಪಿಸಿತು. ಬೇರೆಯವರ ಮನೆ ತಾನೇ ಹಾಳಾಗುವುದು ಎಂದು ಹಚ್ಚಿದ ಬೆಂಕಿ ತಮ್ಮ ಮನೆಯ ಮಾಡಿಗೇ ತಗಲಿತ್ತು.

ನಮ್ಮ ದೇಶದಲ್ಲಿ ಏನಾಗಿದೆ?

ಭಾರತದಲ್ಲಿ ಜೂಜಿನ ಕಾನೂನು 1867ರಷ್ಟು ಹಳೆಯದು. ಸಂವಿಧಾನದ ಪ್ರಕಾರ ಜೂಜು ಮತ್ತು ಬಾಜಿ ರಾಜ್ಯಗಳಿಗೆ ಸೇರಿದ ವಿಷಯ. ಇಸ್ಪೀಟು ಅಡ್ಡೆಗೆ, ಮಟ್ಕಾ ಚೀಟಿಗೆ ಅಷ್ಟು ಸಾಕಾಗಿತ್ತು. ಅಡ್ಡೆಗೆ ಒಂದು ಬಾಗಿಲಿತ್ತು, ಪೊಲೀಸರು ಅದನ್ನು ತಟ್ಟಬಹುದಿತ್ತು. ಇಂಟರ್‌ನೆಟ್ ಜೂಜಿಗೆ ಬಾಗಿಲಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ತನ್ನ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬ ಕಾರಣ ಕೊಟ್ಟು, 2022ರ ಫೆಬ್ರುವರಿ 14ರಂದು ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು.

2023ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ 'ಮಹದೇವ ಬುಕ್' ಸೇರಿ 22 ಅಕ್ರಮ ಬಾಜಿ ಆ್ಯಪ್ ಮತ್ತು ತಾಣಗಳನ್ನು ಮುಚ್ಚಿಸಿತು. ಜಾರಿ ನಿರ್ದೇಶನಾಲಯದ ಪ್ರಕಾರ ಆ ಜಾಲವನ್ನು ನಡೆಸುತ್ತಿದ್ದದ್ದು ದುಬೈನಿಂದ. ಇಂಥ ತಾಣವೊಂದನ್ನು ಮುಚ್ಚಿಸಿದರೆ ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಇನ್ನೊಂದು ತೆರೆಯುವುದು ಈ ವ್ಯಾಪಾರದ ರೀತಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನು ಇದು ಬದಿಗಿಟ್ಟಿದೆ. ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಯಾವ ಆನ್‌ಲೈನ್ ಆಟವನ್ನೂ ಒದಗಿಸುವಂತಿಲ್ಲ. ಹೊರದೇಶದಲ್ಲಿ ಕುಳಿತು ಭಾರತದವರಿಗೆ ಒದಗಿಸುವವರಿಗೂ ಇದು ಅನ್ವಯಿಸುತ್ತದೆ. ಒದಗಿಸಿದವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಹಣ ಸಾಗಿಸಲು ನೆರವಾದವರಿಗೂ 3 ವರ್ಷದವರೆಗೆ ಸೆರೆ, 1 ಕೋಟಿಯವರೆಗೆ ದಂಡ. ಆಡಿದವನನ್ನು ಈ ಕಾಯಿದೆ ಶಿಕ್ಷಿಸುವುದಿಲ್ಲ. ಅವನನ್ನು ಬಲಿಯಾದವನೆಂದೇ ಕಾಣುತ್ತದೆ. ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಮೂರು ಹೈಕೋರ್ಟುಗಳಲ್ಲಿ ಅರ್ಜಿಗಳು ಬಂದವು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಅವನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ನಮ್ಮ ಕಾನೂನು ಸಹ ಹಣದ ಜಾಡನ್ನೂ ಆಡಿಸುವವನನ್ನೂ ಹಿಡಿಯಲು ನೋಡುತ್ತಿದೆ ಎಂಬುದು ಇದರಿಂದ ಸ್ಪಷ್ಟ. ಉಳಿದದ್ದು, ತೆರೆಯ ಹಿಂದಿರುವ ಮನುಷ್ಯ. ಅವನು ಫಿಲಿಪ್ಪೀನ್ಸ್‌ನವನೇ ಆಗಬೇಕೆಂದಿಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಆಸೆ ತೋರಿಸಿ ಮ್ಯಾನ್ಮಾರಿನ ಮ್ಯಾವಾಡಿ ಎಂಬಲ್ಲಿಗೆ ಕದ್ದು ಸಾಗಿಸುತ್ತಿದ್ದಾರೆ ಎಂದು ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಹೀಗೆ ಸಿಲುಕಿದ್ದ 549 ಭಾರತೀಯರನ್ನು ಕರೆತರಲಾಯಿತು. ಅವರೆಲ್ಲ ಯಾರದೋ ಮನೆಯ ಮಕ್ಕಳು.

ನಮ್ಮ ವಿಶ್ವಾಸ ಏನು ಹೇಳುತ್ತದೆ?

ಪಂಥ ಕಟ್ಟಿ ಆಡುವುದೆಲ್ಲ ಅದಾಗಿಯೇ ಪಾಪವೆಂದು ಧರ್ಮಸಭೆ ಬೋಧಿಸುವುದಿಲ್ಲ. ಧರ್ಮಕೇಂದ್ರದ ಹಬ್ಬದಲ್ಲಿ ನಡೆಯುವ ಹೌಸಿ ಆಟದಲ್ಲಿ ನಾವೂ ಕೂತಿದ್ದೇವೆ. ಆದರೆ ತನಗೂ ತನ್ನನ್ನು ನಂಬಿದವರಿಗೂ ಅಗತ್ಯವಾದುದನ್ನು ಕಿತ್ತುಕೊಳ್ಳುವ ಆಟ ನೈತಿಕವಾಗಿ ಒಪ್ಪತಕ್ಕದ್ದಲ್ಲ, ಜೂಜಿನ ಚಟ ಮನುಷ್ಯನನ್ನು ಗುಲಾಮನನ್ನಾಗಿ ಮಾಡುವ ಅಪಾಯವಿದೆ ಎಂಬುದು ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಕಂಡಿಕೆಯ ಸಾರ.

ಶಿಲುಬೆಯ ಬುಡದ ದೃಶ್ಯವನ್ನು ನೆನೆಯೋಣ. ಸೈನಿಕರು ಯೇಸುಸ್ವಾಮಿಯ ಅಂಗಿಗಾಗಿ ಚೀಟಿ ಹಾಕುತ್ತಿದ್ದರು. ಮೇಲೆ ಒಬ್ಬರು ಪ್ರಾಣ ಬಿಡುತ್ತಿದ್ದರು. ಅಂಗಿ ಯಾರಿಗೆ ಬರುತ್ತದೆಂದು ನೋಡುತ್ತಿದ್ದವರ ಕಣ್ಣು ಅಂಗಿಯ ಒಡೆಯನ ಕಡೆ ಹೋಗಲಿಲ್ಲ. ಮೊಬೈಲಿನ ಮೇಲೆ ಬಾಗಿ ಕೂತಿರುವ ಹುಡುಗನಿಗೂ ಕಾಣದಿರುವುದು ಇದೇ. ತೆರೆಯ ಆಚೆ ಪಾಸ್‌ಪೋರ್ಟ್ ಕಳೆದುಕೊಂಡ ಒಬ್ಬನಿದ್ದಾನೆ; ಈಚೆ, ಪಕ್ಕದ ಕೋಣೆಯಲ್ಲಿ, ಬಳೆ ಅಡವಿಟ್ಟ ತಾಯಿ ಇದ್ದಾಳೆ.

ಮನೆಯಲ್ಲಿ ಮಾಡಬೇಕಾದದ್ದು

ಕಾನೂನು ಬರುವುದು ಅನಾಹುತ ಆದ ಮೇಲೆ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಮನೆಯದು. ನಾಲ್ಕು ಸಂಗತಿಗಳನ್ನು ನೆನಪಿಡೋಣ.

ಮೊದಲನೆಯದು, ಬ್ಯಾಂಕ್ ಖಾತೆ. "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದು ಗೆಳೆಯನೇ ಕೇಳಿದರೂ ಕೊಡಬಾರದು. ಜೂಜಿನ ಹಣ, ವಂಚನೆಯ ಹಣ ಹರಿಯುವುದು ಇಂಥ ಬಾಡಿಗೆ ಖಾತೆಗಳಲ್ಲೇ. ದುಬೈನಲ್ಲಿರುವವನು ಸಿಗದಿದ್ದರೂ ಖಾತೆಯ ಹೆಸರಿನವನು ಸಿಗುತ್ತಾನೆ. ಪೊಲೀಸರು ಬಾಗಿಲಿಗೆ ಬಂದಾಗ "ನನಗೇನೂ ಗೊತ್ತಿರಲಿಲ್ಲ" ಎಂದರೆ ಬಿಡುಗಡೆ ಸುಲಭವಲ್ಲ.

ಎರಡನೆಯದು, ಹೊರದೇಶದ ಕೆಲಸ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೋ ಎನ್ನುವ ಏಜೆಂಟನನ್ನು ನಂಬಬೇಡಿ. ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಅವನ ನೋಂದಣಿ ಇದೆಯೇ ನೋಡಿ. ಇಲ್ಲದಿದ್ದರೆ, ಎಷ್ಟೇ ಹತ್ತಿರದವರು ಪರಿಚಯಿಸಿದ್ದರೂ, ಬೇಡವೆನ್ನಿ.

ಮೂರನೆಯದು, ದೂರು. ಹಣ ವಂಚನೆಗೆ ಹೋಗಿದ್ದರೆ 1930 ಸಂಖ್ಯೆಗೆ ಕೂಡಲೇ ಫೋನ್ ಮಾಡಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು. ಮರ್ಯಾದೆ ಹೋಗುತ್ತದೆಂದು ಒಂದು ವಾರ ಸುಮ್ಮನಿದ್ದರೆ ಹಣವೂ ಹೋಗುತ್ತದೆ, ಸಾಕ್ಷ್ಯವೂ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮಾತು. ಸೋತವನು ಮೊದಲು ಬಚ್ಚಿಡುವುದು ಮನೆಯವರಿಂದಲೇ. ಸಾಲದ ಆ್ಯಪ್‌ನಿಂದ ತೆಗೆದ ಹಣ, ಕಾಲೇಜು ಶುಲ್ಕವೆಂದು ಹೇಳಿ ಪಡೆದ ಹಣ, ಕೊನೆಗೆ ಬೀರುವಿನ ಚಿನ್ನ. ಗೊತ್ತಾದ ದಿನ ತಂದೆ ಕೈ ಎತ್ತಿದರೆ ಮಗನ ಬಾಯಿ ಮುಚ್ಚುತ್ತದೆ. ಆಮೇಲೆ ಅವನು ಮಾತಾಡುವುದು ಮತ್ತೆ ಆ ಮೊಬೈಲಿನ ಜೊತೆಗೇ. "ಎಷ್ಟಾಗಿದೆ ಹೇಳಪ್ಪ, ಒಟ್ಟಿಗೆ ತೀರಿಸೋಣ, ಆದರೆ ಇವತ್ತಿನಿಂದ ಹಣ ಅಮ್ಮನ ಕೈಯಲ್ಲಿರಲಿ" ಎನ್ನುವ ತಂದೆ ಮಗನನ್ನು ಉಳಿಸಿಕೊಂಡಾನು. ಸಾಲದ ಪೂರ್ತಿ ಲೆಕ್ಕ ಕಾಗದದಲ್ಲಿ ಬರೆಯಿಸಿ. ಪಾಪನಿವೇದನೆ ಮನಸ್ಸನ್ನು ಹಗುರಗೊಳಿಸುತ್ತದೆ, ಆದರೆ ಚಟಕ್ಕೆ ಚಿಕಿತ್ಸೆಯೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವೈದ್ಯರ ಸಹಾಯ ಪಡೆಯುವುದು ನಾಚಿಕೆಯ ವಿಷಯವಲ್ಲ.

ಬಂಬಾನ್‌ನ ಗೋಡೆ ಕೆಡವಲು ಸೆನೆಟ್ ಬೇಕಾಯಿತು, ಇಂಡೋನೇಷ್ಯಾದ ಅಧಿಕಾರಿಗಳು ಬೇಕಾಯಿತು, ನ್ಯಾಯಾಲಯ ಬೇಕಾಯಿತು. ಆದರೆ ಎಲ್ಲಕ್ಕೂ ಮೊದಲು ತಪ್ಪಿಸಿಕೊಂಡು ಬಂದ ಒಬ್ಬ ಕೆಲಸಗಾರ ಬಾಯಿ ಬಿಟ್ಟು ಹೇಳಬೇಕಾಯಿತು, ಅದನ್ನು ಕೇಳಿಸಿಕೊಳ್ಳುವವರೂ ಬೇಕಾಯಿತು. ನಮ್ಮ ಮನೆಗಳಲ್ಲಿ ಅಂಥ ಮಾತಿಗೆ ಕಿವಿಗೊಡುವವರು ಇದ್ದಾರೆಯೇ?

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಎಲ್ಲರ ಬ್ಯಾಂಕ್ ಖಾತೆಗಳನ್ನೂ ಅವರವರೇ ಬಳಸುತ್ತಿದ್ದಾರೆಯೇ? ಯಾರಿಗಾದರೂ ಬಳಸಲು ಕೊಟ್ಟಿದ್ದೇವೆಯೇ?

2. ಮಕ್ಕಳು ದೊಡ್ಡ ತಪ್ಪು ಮಾಡಿದಾಗ ಮೊದಲು ನಮಗೆ ಹೇಳುವಷ್ಟು ಧೈರ್ಯವನ್ನು ನಾವು ಅವರಿಗೆ ಕೊಟ್ಟಿದ್ದೇವೆಯೇ?

3. ನಮ್ಮ ಧರ್ಮಕೇಂದ್ರದಿಂದ ಹೊರದೇಶಕ್ಕೆ ಕೆಲಸಕ್ಕೆ ಹೊರಟ ಯುವಕ ಯುವತಿಯರು ಯಾರು? ಅವರ ಏಜೆಂಟರ ಬಗ್ಗೆ ವಿಚಾರಿಸಿ ನೋಡಲು ಕಿರು ಕ್ರೈಸ್ತ ಸಮುದಾಯ ಏನು ಮಾಡಬಹುದು?